ಚಿಕ್ಕವರಿಗೂ ದೊಡ್ಡವರಿಗೂ

ಉಪದೇಶ ಕೇಳುವುದರಲ್ಲಿ ನಮ್ಮ ಎಡೆದೊರೆ ನಾಡಿನ ಜನ ಪಳಗಿದವರು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ನೆಲದಲ್ಲಿ ಮಳೆಗೆ ಬರ ಬಂದದ್ದುಂಟು, ಉಪದೇಶಕ್ಕೆ ಬರ ಬಂದದ್ದಿಲ್ಲ. ಮಾನ್ವಿ ತಾಲ್ಲೂಕಿನ ಚೀಕಲಪರವಿ ವಿಜಯದಾಸರ ಊರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರದು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಮಾನ್ವಿಯವರು. ದಾಸರ ಪದ, ಶರಣರ ವಚನ, ತತ್ವಪದ, ಮೊಹರಮ್ಮಿನ ರಿವಾಯತ ಎಲ್ಲವನ್ನೂ ಕೇಳುತ್ತ ಬೆಳೆದವರು ಇಲ್ಲಿಯ ಮಂದಿ. ಆದ್ದರಿಂದ ಯಾರಾದರೂ ಎದುರು ನಿಂತು ಬುದ್ಧಿ ಹೇಳತೊಡಗಿದರೆ ಅವರು ಹೇಳಿದ್ದನ್ನು ತೂಗುವ ಮೊದಲು ಹೇಳುವವನನ್ನು ತೂಗುತ್ತಾರೆ. ‘ಹೇಳಾಂವ ತಾನು ಹಂಗ ನಡೀತಾನೇನು?’ ಎಂಬ ಪ್ರಶ್ನೆ ಕಟ್ಟೆಯ ಮೇಲೆ ಕುಳಿತವರ ಕಣ್ಣಿನಲ್ಲಿ ಯಾವಾಗಲೂ ಇರುತ್ತದೆ.

ನಾನು ಸಂಬಳ ಪಡೆದು ಉಪದೇಶ ಮಾಡುವವನು. ನಿಸರ್ಗ ಸಂರಕ್ಷಣೆಗೆಂದು ಇರುವ ಒಂದು ಸಂಸ್ಥೆಯಲ್ಲಿ ಪರಿಸರ ಶಿಕ್ಷಕ. ರಾಯಚೂರಿನಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡು, ವಾರದಲ್ಲಿ ಎರಡು ದಿನ ದೇವದುರ್ಗದ ಕಡೆಗೆ, ಎರಡು ದಿನ ಮಾನ್ವಿಯ ಕಡೆಗೆ ಬಸ್ಸು ಹಿಡಿದು ಶಾಲೆ ಶಾಲೆ ತಿರುಗುತ್ತೇನೆ. ಹೆಗಲಿನ ಚೀಲದಲ್ಲಿ ಪಟಗಳು, ಒಂದು ಹಳೆಯ ದುರ್ಬೀನು, ಗಾಜಿನ ಶೀಸೆಯಲ್ಲಿ ಹಾವಿನ ಪೊರೆ. ಮಕ್ಕಳು ನನ್ನನ್ನು ‘ಗಿಡದ ಸರ’ ಎನ್ನುತ್ತಾರೆ. ಹಾವಿನ ಪೊರೆ ನೋಡಿದವರು ‘ಹಾವಿನ ಸರ’ ಎನ್ನುತ್ತಾರೆ. ನನ್ನ ಹುದ್ದೆಯ ನಿಜವಾದ ಹೆಸರನ್ನು ಒಮ್ಮೆ ನಮ್ಮ ಸೋದರಮಾವನಿಗೆ ಬಿಡಿಸಿ ಹೇಳಿದೆ. ಅವರು ಎಲೆ ಅಡಿಕೆ ಮೆಲ್ಲುತ್ತ ಎಲ್ಲ ಕೇಳಿ, ‘ಅಂದ್ರ, ಗಾಳಿ ನೀರು ಹೆಂಗಿರಬೇಕಂತ ನಮಗ ಹೇಳಿ ಕೊಡಾಕ ಬೆಂಗಳೂರಾಗಿನವರು ನಿನಗ ಪಗಾರ ಕೊಡ್ತಾರಂದಂಗಾತು’ ಎಂದರು. ಅವರು ತಮಾಷೆಗೆ ಹೇಳಿದ್ದು. ಆದರೂ ಈ ಪ್ರಬಂಧದ ವಿಷಯವೆಲ್ಲ ಆ ಮಾತಿನಲ್ಲೇ ಇದೆ.

ಈ ಹುದ್ದೆ ಹುಟ್ಟಿದ ಬಗೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1976ರಲ್ಲಿ ಸಂವಿಧಾನಕ್ಕೆ 42ನೆಯ ತಿದ್ದುಪಡಿ ಬಂದಾಗ, ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದೂ ಜೀವಿಗಳಲ್ಲಿ ದಯೆ ಇಡುವುದೂ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ ಎಂದು 51ಎ ವಿಧಿಯಲ್ಲಿ ಸೇರಿತು. 1984ರಲ್ಲಿ ಅಹಮದಾಬಾದಿನಲ್ಲಿ ಪರಿಸರ ಶಿಕ್ಷಣಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರ ಆರಂಭವಾಯಿತು. 1991ರಲ್ಲಿ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. 2001ರ ಹೊತ್ತಿಗೆ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳು ಬಂದವು. ಹೀಗೆ ಮೇಲಿನಿಂದ ಇಳಿದ ಮೆಟ್ಟಿಲಿನ ಕಟ್ಟಕಡೆಯ ಪಾವಟಿಗೆಯ ಮೇಲೆ ನಾನು ಚೀಲ ಹಿಡಿದು ನಿಂತಿದ್ದೇನೆ.

ನನ್ನ ಚೀಲದ ಪಟಗಳು ಚಂದದ ಪಟಗಳು, ದಪ್ಪ ಹಾಳೆ, ಒಳ್ಳೆಯ ಬಣ್ಣ. ಅವುಗಳಲ್ಲಿ ಒಂದು ‘ನಾನು ಮಾಡಬಹುದಾದ ಹತ್ತು ಕೆಲಸಗಳು’ ಎಂಬುದು. ಹಲ್ಲು ಉಜ್ಜುವಾಗ ನಲ್ಲಿ ನಿಲ್ಲಿಸು, ಕೋಣೆ ಬಿಡುವಾಗ ದೀಪ ಆರಿಸು, ಹತ್ತಿರದ ದೂರಕ್ಕೆ ನಡೆದು ಹೋಗು, ಊಟ ಚೆಲ್ಲಬೇಡ, ಹಳೆಯ ಬಟ್ಟೆ ಎಸೆಯಬೇಡ, ಹೀಗೆ. ಇದನ್ನು ದೇವದುರ್ಗ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಗೋಡೆಗೆ ತೂಗುಹಾಕಿದಾಗ ಆರನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ನಲ್ಲಿ ಅಂದರೇನು ಎಂದು ಮೊದಲು ಕೇಳಿದಳು, ಯಾಕೆಂದರೆ ನಮ್ಮ ಕಡೆ ಅದಕ್ಕೆ ನಳ ಎನ್ನುತ್ತಾರೆ. ಹೇಳಿದೆ. ಆಕೆ, ‘ನಳ ಕುಂದ್ರಿಸ್ಯಾರ್ರಿ ಸರ, ನೀರ ಬರಂಗಿಲ್ಲ. ಬರಲಾರದ ನಳ ಬಂದ್ ಮಾಡೂದು ಹೆಂಗ್ರಿ?’ ಎಂದಳು. ಸುತ್ತಲಿನ ಮಕ್ಕಳು ನಕ್ಕರು. ಹುಡುಗಿ ನಗಲಿಲ್ಲ, ಅವಳಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು.

ಆ ಪಟದ ಹತ್ತು ಕೆಲಸಗಳಲ್ಲಿ ಒಂಬತ್ತನ್ನು ಆ ಶಾಲೆಯ ಮಕ್ಕಳು ಹುಟ್ಟಿದಾಗಿನಿಂದ ಮಾಡುತ್ತಲೇ ಬಂದಿದ್ದಾರೆ. ನಡೆದೇ ಶಾಲೆಗೆ ಬರುತ್ತಾರೆ. ಬಿಸಿಯೂಟದ ತಾಟಿನಲ್ಲಿ ಒಂದು ಅಗುಳು ಬಿಡುವುದಿಲ್ಲ. ಅಣ್ಣನ ಅಂಗಿ ತಮ್ಮನಿಗೆ, ತಮ್ಮನಿಂದ ಕೌದಿಗೆ, ಕೌದಿ ಹರಿದ ಮೇಲೆ ಒಲೆಯ ಮುಂದಿನ ಮಸಿಬಟ್ಟೆಗೆ. ಸರಕಾರದ ಅಳತೆಯೇ ಹಳ್ಳಿಯ ಮನುಷ್ಯನಿಗೆ ದಿನಕ್ಕೆ 55 ಲೀಟರ್ ನೀರು ಸಾಕು ಎನ್ನುತ್ತದೆ, ನಗರದವನಿಗೆ 135 ಬೇಕು ಎನ್ನುತ್ತದೆ. ಆ 55 ಕೂಡ ಮುಟ್ಟದ ಊರಿನಲ್ಲಿ ನಿಂತು ನೀರು ಉಳಿಸಿರಿ ಎಂದು ಹೇಳುವುದಕ್ಕೆ ನನಗೇನು ಅಧಿಕಾರ?

ದೀಪದ ಲೆಕ್ಕವೂ ಹೀಗೇ ಇದೆ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ಉಷ್ಣ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾಯಿತು. ಈಗ ಅಲ್ಲಿ ಎಂಟು ಘಟಕಗಳು, 1720 ಮೆಗಾವಾಟ್ ಸಾಮರ್ಥ್ಯ. ಆಮೇಲೆ ಯರಮರಸ್‌ನಲ್ಲಿ ತಲಾ 800 ಮೆಗಾವಾಟಿನ ಎರಡು ಘಟಕಗಳು ಬಂದವು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿ. ಒಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ಕಲ್ಲಿದ್ದಲು ಸುಡಬೇಕು, ಸುಟ್ಟ ಮೇಲೆ ಕಾಲು ಕಿಲೋದಷ್ಟು ಬೂದಿ ಉಳಿಯುತ್ತದೆ. ದೊಡ್ಡ ಊರಿನ ಒಂದು ಮನೆಯಲ್ಲಿ ಸ್ನಾನದ ಗೀಸರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಆಯಿತು. ಅದು ಶಕ್ತಿನಗರದಿಂದ ಬಂದ ಯೂನಿಟ್ಟಾದರೆ, ಮೈಗೆ ಬಿದ್ದ ಬಿಸಿನೀರು ಅಲ್ಲಿ, ಕಾಲು ಕಿಲೋ ಬೂದಿ ಇಲ್ಲಿ. ತಂತಿಯಲ್ಲಿ ಬೆಳಕು ಹೋಗುತ್ತದೆ, ಬೂದಿ ಹೋಗುವುದಿಲ್ಲ. ಬೂದಿಯನ್ನು ಸಿಮೆಂಟಿಗೆ, ಇಟ್ಟಿಗೆಗೆ ಬಳಸಬೇಕೆಂಬ ನಿಯಮ 1999ರಿಂದ ಇದೆ, ಬಳಸುವುದೂ ಉಂಟು. ಆದರೂ ಒಗೆದು ಹಾಕಿದ ಬಟ್ಟೆಯ ಮೇಲೆ ಏನು ಕೂರುತ್ತದೆಂದು ಆ ಕಡೆಯ ಊರಿನ ಹೆಣ್ಣುಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಎರಡು ಬಲ್ಬು, ಒಂದು ಫ್ಯಾನು ಇರುವ ಮನೆಯ ಹುಡುಗನಿಗೆ ‘ದೀಪ ಆರಿಸು’ ಎಂಬ ಪಟ ತೋರಿಸುವಾಗ ನನ್ನ ಬೆನ್ನ ಹಿಂದೆ ಶಕ್ತಿನಗರದ ಚಿಮಣಿಗಳು ನಿಂತಿವೆ ಎಂದು ನನಗೆ ಅನ್ನಿಸುತ್ತದೆ.

ಇಷ್ಟು ಹೇಳಿದರೆ ಓದುಗರು ಒಂದು ತೀರ್ಮಾನಕ್ಕೆ ಬಂದಿರಬಹುದು: ಹಾಗಾದರೆ ಬಡವರ ಮಕ್ಕಳಿಗೆ ಈ ಪಾಠವೇ ಬೇಡ, ಪಟಗಳನ್ನು ಸುತ್ತಿಕೊಂಡು ದೊಡ್ಡ ಊರಿಗೆ ಹೋಗು. ನನ್ನ ಹಿರಿಯ ಗೆಳೆಯರೊಬ್ಬರ ಅಭಿಪ್ರಾಯವೂ ಇದೇ. ಅವರು ನಿವೃತ್ತ ಮಾಸ್ತರು, ಹೋರಾಟಗಳಲ್ಲಿ ಓಡಾಡಿದವರು. ‘ಗುಳೇ ಹೋಗೋ ಮಂದಿ ಮಕ್ಕಳಿಗೆ ಪರಿಸರ ಪ್ರಜ್ಞೆ ಹೇಳೋದಂದ್ರ ಉಪವಾಸ ಇದ್ದಾಂವಗ ಪಥ್ಯ ಹೇಳಿದಂಗ’ ಎನ್ನುತ್ತಾರೆ. 1972ರ ಜೂನಿನಲ್ಲಿ ಸ್ಟಾಕ್‌ಹೋಮಿನ ಸಮ್ಮೇಳನದಲ್ಲಿ ಇಂದಿರಾ ಗಾಂಧಿಯವರು ಬಡತನ ಮತ್ತು ಕೊರತೆಗಳೇ ಅತಿ ದೊಡ್ಡ ಮಾಲಿನ್ಯಕಾರಿಗಳಲ್ಲವೇ ಎಂದು ಕೇಳಿದ್ದನ್ನು ಅವರು ಆಗಾಗ ನೆನಪಿಸುತ್ತಾರೆ. ಅದೊಂದು ವಿಚಿತ್ರ ಮಾತು. ಬಡವರೇ ಕಾಡು ಹಾಳುಮಾಡುವವರು ಎಂದು ದೂರುವವರೂ ಅದನ್ನು ಹೇಳುತ್ತಾರೆ. ಹಸಿದವರಿಗೆ ಉಪದೇಶ ಬೇಡ, ಮೊದಲು ದುಡಿಮೆ ಕೊಡಿ ಎನ್ನುವವರೂ ಅದನ್ನೇ ಹೇಳುತ್ತಾರೆ. ಅವರ ಆ ದಿನದ ಭಾಷಣವನ್ನು ಪೂರ್ತಿ ಓದಿದರೆ ಎರಡನೆಯ ಅರ್ಥವೇ ಸರಿ ಎನ್ನಿಸುತ್ತದೆ.

ಆದರೆ ಗೆಳೆಯರ ಮಾತನ್ನು ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ಕಾರಣ ಹೇಳುತ್ತೇನೆ.

ಯುಗಾದಿಯ ಆಸುಪಾಸಿನಲ್ಲಿ ನಮ್ಮ ಕಡೆ ಕೆಲವು ಹಳ್ಳಿಗಳಲ್ಲಿ ಮೊಲದ ಬೇಟೆಗೆ ಹೋಗುವ ರೂಢಿ ಇದೆ. ನಾಯಿ, ಬಲೆ, ಬಡಿಗೆ ಹಿಡಿದು ಗಂಡಸರು ಹೊರಡುತ್ತಾರೆ, ಹಿಂದೆ ಹುಡುಗರು ಹೊರಡುತ್ತಾರೆ. ಮೊಲವೊಂದೇ ಸಿಗುತ್ತದೆಂದಲ್ಲ, ಕೌಜುಗ, ಉಡ ಯಾವುದು ಎದ್ದರೆ ಅದು. ಉಡ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ, ಕೊಂದವನಿಗೆ ಮೂರರಿಂದ ಏಳು ವರ್ಷ ಸೆರೆ. ಒಬ್ಬ ನಡುವಯಸ್ಸಿನ ಗೃಹಸ್ಥರಿಗೆ ಇದನ್ನು ಹೇಳಿದಾಗ ಅವರು ಸಿಟ್ಟಾಗಲಿಲ್ಲ. ‘ಸರ, ನಾವು ವರ್ಷಕ್ಕ ಒಂದು ದಿನ ಹೋಗ್ತೀವಿ. ಗುಡ್ಡಕ್ಕ ಗುಡ್ಡಾನ ಒಡದು ಜಲ್ಲಿ ಮಾಡ್ಯಾರಲ್ಲ, ಅಲ್ಲಿದ್ದ ಉಡ ಎಲ್ಲಿ ಹೋದುವು? ಅವರಿಗಿ ಎಷ್ಟು ವರ್ಷ ಐತ್ರಿ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ಬಲೆಗೆ ಬಿದ್ದ ಮೊಲದ ಕಡೆಯಿಂದ ನೋಡಿದರೆ ಆ ಪ್ರಶ್ನೆಯಿಂದ ಏನೂ ಬದಲಾಗುವುದಿಲ್ಲ. ಕೊಲ್ಲುವವನು ಬಡವನೋ ಶ್ರೀಮಂತನೋ ಮೊಲಕ್ಕೆ ತಿಳಿಯದು. ದೊಡ್ಡ ಅನ್ಯಾಯ ಮಾಡಿದವನು ತಪ್ಪಿಸಿಕೊಂಡ ಎಂಬುದರಿಂದ ಚಿಕ್ಕ ನೋವು ನೋವಲ್ಲದೆ ಹೋಗುವುದಿಲ್ಲ.

ಇನ್ನೊಂದು ಕಾರಣವಿದೆ, ಅದು ನನಗೆ ಇದಕ್ಕಿಂತ ದೊಡ್ಡದು. ಒಬ್ಬ ಮನುಷ್ಯನಿಂದ ಏನನ್ನೂ ಕೇಳಬೇಡಿ, ಅವನು ಬಡವ, ಎಂದು ಹೇಳುವುದು ಮೇಲ್ನೋಟಕ್ಕೆ ಕನಿಕರ. ಒಳಗೆ ನೋಡಿದರೆ, ಒಳಿತು ಕೆಡಕು ಯೋಚಿಸುವುದು ಅವನಿಗೆ ಸಂಬಂಧಪಟ್ಟದ್ದಲ್ಲ ಎಂದಂತೆ. ಮಾನ್ವಿ ಕಡೆಯ ಒಂದು ಊರಿನಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ನನ್ನನ್ನು ತನ್ನ ಹೊಲಕ್ಕೆ ಕರೆದುಕೊಂಡು ಹೋದ. ಹರಗಿದ ಎರೆಹೊಲದ ನಡುವೆ ಒಂದು ಕಂಬಳಿ ಹಾಸುವಷ್ಟು ನೆಲ ಹಾಗೇ ಉಳಿದಿತ್ತು. ಅದರ ಮಧ್ಯೆ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆ, ಮಣ್ಣಿನದೇ ಬಣ್ಣ, ತೋರಿಸದಿದ್ದರೆ ಕಾಣುತ್ತಿರಲಿಲ್ಲ. ಅವನ ಅಪ್ಪ ಎತ್ತುಗಳನ್ನು ಅಷ್ಟು ಜಾಗ ಸುತ್ತಿಸಿ ಹೊಡೆದಿದ್ದ. ಅದು ಅವರ ಸ್ವಂತ ಹೊಲವಲ್ಲ, ಲಾವಣಿಗೆ ಹಿಡಿದದ್ದು. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಅಪ್ಪ ನಾಚಿಕೊಂಡು, ‘ಅದಕ್ಕೂ ಮಕ್ಕಳಲ್ರಿ’ ಎಂದಷ್ಟೇ ಹೇಳಿದ. ಅವನಿಗೆ ಯಾವ ಪಟವೂ ಇದನ್ನು ಕಲಿಸಿರಲಿಲ್ಲ. ‘ಬಡವರಿಂದ ಏನೂ ಕೇಳಬೇಡ’ ಎನ್ನುವ ನನ್ನ ಗೆಳೆಯರ ನ್ಯಾಯದಲ್ಲಿ ಈ ಮನುಷ್ಯನಿಗೆ ಜಾಗವೇ ಇಲ್ಲ.

ಹೀಗೆ ಎರಡು ಕಡೆಯೂ ನನಗೆ ನೆಲೆ ಸಿಗುವುದಿಲ್ಲ. ಕಡಿಮೆ ಇರುವವರಿಗೆ ಕಡಿಮೆ ಮಾಡಿರಿ ಎನ್ನುವುದು ಅನ್ಯಾಯ. ಅವರಿಂದ ಏನನ್ನೂ ನಿರೀಕ್ಷಿಸದೆ ಇರುವುದು ಅವಮಾನ. ಮತ್ತೆ ಏನು ಹೇಳಿಕೊಡಬೇಕು? ಇದಕ್ಕೆ ಒಂದು ದಾರಿ ನನಗೆ ತೋರಿಸಿದ್ದು ಮಾನ್ವಿಯ ಕಾಲುವೆ.

ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಅದರ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಗಂಗಾವತಿ, ಸಿಂಧನೂರು ದಾಟಿ ಮಾನ್ವಿಗೆ, ರಾಯಚೂರಿಗೆ ಬರುವ ಹೊತ್ತಿಗೆ ಅದರ ಕೊನೆ. ಸ್ವಲ್ಪ ಸ್ವಲ್ಪ ನೀರನ್ನು ಬಹಳ ಜಮೀನಿಗೆ ಹಂಚಬೇಕು, ಜೋಳ ಹತ್ತಿ ಶೇಂಗಾದಂಥ ಬೆಳೆಗಳಿಗೆ ಆಸರೆಯಾಗಬೇಕು ಎಂಬುದು ಕಾಲುವೆ ತೋಡಿದವರ ಲೆಕ್ಕ. ಮೇಲಿನ ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಮೇಲೆ ನೀರು ನಿಂತು ಸವಳು ಜವಳಾಯಿತು, ಕೆಳಗೆ ಕಾಲುವೆಯ ಹೊಟ್ಟೆ ಒಣಗಿತು. ‘ಕೊನೇ ಭಾಗ’ ಎಂಬ ಎರಡು ಶಬ್ದಗಳು ಮಾನ್ವಿಯ ಪ್ರತಿ ರೈತನ ಮನೆಯಲ್ಲಿ ಮಕ್ಕಳಿಗೆ ಅ ಆ ಇ ಈ ಜೊತೆಗೇ ಬರುತ್ತವೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಇಲ್ಲಿಯ ಹಳ್ಳಿಗಳಲ್ಲಿ ಸಾವಿನ ಮನೆಯ ಮೌನ ಇತ್ತು.

ಇಂಥ ಒಂದು ಊರಿನ ಶಾಲೆಯಲ್ಲಿ ನಾನು ಪಟ ತೆಗೆಯಲಿಲ್ಲ. ಹನಿ ನೀರಾವರಿಯ ಒಂದು ಹಳೆಯ ಪೈಪಿಗೆ ಹತ್ತು ತೂತು ಕೊರೆದು, ಒಂದೊಂದು ತೂತಿಗೆ ಒಬ್ಬೊಬ್ಬ ಹುಡುಗನನ್ನು ಲೋಟ ಹಿಡಿದು ಕೂರಿಸಿ, ಮೇಲಿನಿಂದ ಒಂದು ಕೊಡ ನೀರು ಬಿಟ್ಟೆ. ಮೊದಲ ಮೂವರ ಲೋಟ ತುಂಬಿ ಚೆಲ್ಲಿತು. ಎಂಟು, ಒಂಬತ್ತು, ಹತ್ತರವರಿಗೆ ಹನಿ ಬರಲಿಲ್ಲ. ಜಗಳ ಶುರುವಾಯಿತು. ಜಾಗ ಅದಲು ಬದಲು ಮಾಡಿದೆ; ಈಗ ಮೊದಲು ಕುಳಿತವರೇ ಹಿಂದಿನವರಿಗಿಂತ ಬಿಗಿಯಾಗಿ ಲೋಟ ಒತ್ತಿ ಹಿಡಿದರು. ಅರ್ಧ ಗಂಟೆ ಗದ್ದಲವಾದ ಮೇಲೆ ಅವರೇ ಒಂದು ನೇಮ ಮಾಡಿಕೊಂಡರು: ಮೇಲಿನ ತೂತಿಗೆ ಅರ್ಧ ಬೆರಳು ಅಡ್ಡ, ಕೊನೆಯವನ ಲೋಟದಲ್ಲಿ ಎರಡು ಬೆರಳು ನೀರು ಬರುವ ತನಕ ಯಾರೂ ಕುಡಿಯುವಂತಿಲ್ಲ. ‘ಉಳಿಸು’ ಎಂಬ ಪಾಠ ಒಂದು ವರ್ಷದಲ್ಲಿ ಮಾಡಲಾರದ್ದನ್ನು ‘ಪಾಲು’ ಎಂಬ ಮಾತು ಅರ್ಧ ಗಂಟೆಯಲ್ಲಿ ಮಾಡಿತು. ಉಳಿಸುವುದಕ್ಕೆ ಕೈಯಲ್ಲಿ ಇರಬೇಕು. ಪಾಲು ಕೇಳುವುದಕ್ಕೆ, ಪಾಲು ಕೊಡುವುದಕ್ಕೆ ಮನುಷ್ಯನಾಗಿದ್ದರೆ ಸಾಕು.

ಆಮೇಲೆ ಅವರನ್ನು ಕೇಳಿದೆ: ಹತ್ತನೆಯವನೇ ಕೊನೆಯವನೇನು? ಅವನ ಕೆಳಗೆ ಯಾರೂ ಇಲ್ಲವೇ? ಯೋಚಿಸಿದರು. ಹಳ್ಳ ಎಂದ ಒಬ್ಬ. ಹೊಳೆ ಎಂದ ಇನ್ನೊಬ್ಬ. ಹೊಳೆಯಲ್ಲಿ ಯಾರಿದ್ದಾರೆ? ಮೀನು, ಆಮೆ, ನೀರುನಾಯಿ. ತುಂಗಭದ್ರೆಯಲ್ಲಿ ನೀರುನಾಯಿಗಳಿವೆ, ಮೇಲುಭಾಗದಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಅವುಗಳಿಗಾಗಿಯೇ ಮೀಸಲಿಟ್ಟಿದ್ದಾರೆ. ಕೊನೇ ಭಾಗದ ರೈತನಿಗಿಂತಲೂ ಕೊನೆಗೆ ಇನ್ನೊಬ್ಬರಿದ್ದಾರೆ, ಅವರಿಗೆ ರಸ್ತೆ ತಡೆ ಮಾಡಲು ಬರುವುದಿಲ್ಲ ಎಂದೆ. ಮಕ್ಕಳು ನಕ್ಕರು, ಆದರೆ ಅರ್ಥವಾಗಿತ್ತು. ತನಗಾದ ಅನ್ಯಾಯದ ರುಚಿ ಗೊತ್ತಿದ್ದವನಿಗೆ ಇನ್ನೊಬ್ಬರ ಪಾಲಿನ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಕಡೆ ಇದು ಇಷ್ಟು ಸುಲಭವಲ್ಲ. ದೇವದುರ್ಗದ ಕೃಷ್ಣಾ ದಂಡೆಯ ಊರುಗಳಲ್ಲಿ ಪಾಲು ಎಂದಾಗ ಹುಡುಗನೊಬ್ಬ, ‘ಮೊಸಳಿಗೂ ಪಾಲು ಐತೇನ್ರಿ?’ ಎಂದು ಕೇಳಿದ. ಅವರ ಮನೆಯ ಆಡನ್ನು ಮೊಸಳೆ ಎಳೆದುಕೊಂಡು ಹೋಗಿತ್ತು. ಹೊಳೆಯಲ್ಲಿ ಬಟ್ಟೆ ಒಗೆಯುವ ತಾಯಿ, ಮೋಟರಿನ ಫುಟ್‌ವಾಲ್ವ್ ತೆಗೆಯಲು ನೀರಿಗೆ ಇಳಿಯುವ ಅಪ್ಪ ಇರುವ ಹುಡುಗನಿಗೆ ಮೊಸಳೆ ನದಿಯ ಆರೋಗ್ಯಕ್ಕೆ ಬೇಕು ಎಂದು ಹೇಳಿ ಬಸ್ಸು ಹತ್ತಿ ಬರುವುದು ಸುಲಭ. ಅಪಾಯ ಅವನದು, ಮಾತು ನನ್ನದು. ನಾನು ಉತ್ತರ ಹುಡುಕುತ್ತಿರುವಾಗ ಬಿಸಿಯೂಟದ ಅಡುಗೆಯ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡವಳು, ‘ಅದರ ಹೊತ್ತು ಅದಕ್ಕ, ನಮ್ಮ ಹೊತ್ತು ನಮಗ. ಮೊದಲಿನವರು ಹಂಗ ಇದ್ರು. ಮರಳ ಇದ್ದಾಗ ಅದು ಮರಳಾಗ ಬಿದ್ದಿರ್ತಿತ್ತು, ಕಾಣ್ತಿತ್ತು. ಈಗ ಎಲ್ಲಿ ಐತೋ ತಿಳಿಯಂಗಿಲ್ಲ’ ಎಂದಳು.

ಈ ಮಾತಿನಲ್ಲಿ ನನ್ನ ಪುಸ್ತಕಗಳಲ್ಲಿ ಇರುವುದೆಲ್ಲ ಇತ್ತು. ಮೊಸಳೆ ಮೈ ಕಾಯಿಸಿಕೊಳ್ಳುವುದು ಮರಳು ದಿನ್ನೆಯ ಮೇಲೆ. ಮೊಟ್ಟೆ ಇಡುವುದು ದಂಡೆಯ ಮರಳಿನಲ್ಲಿ ಗುಂಡಿ ತೋಡಿ. ಮರಿ ಹೊರಬರಲು ಸುಮಾರು ಎರಡು ತಿಂಗಳು ಬೇಕು. ದೇವದುರ್ಗದ ಕೃಷ್ಣೆಯ ಮರಳು ದೂರದ ಊರುಗಳ ಮನೆಗಳಿಗೆ ಟಿಪ್ಪರಿನಲ್ಲಿ ಹೋಗುತ್ತದೆ, ಪರವಾನಗಿ ಇದ್ದೂ ಹೋಗುತ್ತದೆ, ಇಲ್ಲದೆಯೂ ಹೋಗುತ್ತದೆ. ಮರಳು ಹೋದಲ್ಲಿ ಗುಂಡಿ ಬೀಳುತ್ತದೆ. ಮೊಸಳೆಗೆ ದಂಡೆ ಇಲ್ಲ, ಮನುಷ್ಯನಿಗೆ ಆಳ ತಿಳಿಯದು. ತಲೆತಲಾಂತರದಿಂದ ಇಬ್ಬರ ನಡುವೆ ಇದ್ದ ಹೊತ್ತಿನ ಒಪ್ಪಂದವನ್ನು ಮುರಿದವನು ಮೂರನೆಯವನು, ಅವನು ಈ ಹೊಳೆಯನ್ನು ನೋಡಿಯೂ ಇಲ್ಲ. ಹಾಗೆಂದು ಹುಡುಗನ ಆಡು ತಿರುಗಿ ಬರಲಿಲ್ಲ. ಮೊಸಳೆಗೆ ಪಾಲಿದೆ, ಆಡು ಹೋದವನಿಗೆ ಪರಿಹಾರ ಕೇಳುವ ಪಾಲೂ ಇದೆ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು ಎಂದು ಮಾತ್ರ ನಾನು ಅಂದುಕೊಂಡಿದ್ದೇನೆ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟವನ ಮಾತನ್ನು ಆ ಊರಿನಲ್ಲಿ ಯಾರೂ ಕೇಳುವುದಿಲ್ಲ, ಕೇಳಲೂ ಬಾರದು.

ನಗರದ ಮಾತು ಬೇರೆ. ರಾಯಚೂರಿನಲ್ಲಿ ಹೆಸರಿಗೆ ಮಾವಿನಕೆರೆ ಇದೆ, ಆಮ್ ತಲಾಬ್ ಎಂತಲೂ ಕರೆಯುತ್ತಾರೆ. ಖಾಸ್ ಬಾವಿ ಇದೆ. 1294ರ ಕೋಟೆ ಇದೆ. ಹೈಸ್ಕೂಲಿನ ಮಕ್ಕಳನ್ನು ಮಾವಿನಕೆರೆಯ ಸುತ್ತ ನಡೆಸಿದರೆ ಅವರು ಹಕ್ಕಿ ನೋಡುವ ಮೊದಲು ಮೂಗು ಮುಚ್ಚುತ್ತಾರೆ. ಈ ಚರಂಡಿ ಎಲ್ಲಿಂದ ಬರುತ್ತದೆ, ಕೆರೆ ಮೊದಲು ಎಲ್ಲಿಯ ತನಕ ಇತ್ತು, ನಾವು ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಅದನ್ನು ಯಾರು ಪರೀಕ್ಷೆ ಮಾಡುತ್ತಾರೆ ಎಂದು ಕೇಳುತ್ತಾರೆ. 2022ರ ಮೇ, ಜೂನ್ ತಿಂಗಳಲ್ಲಿ ಇದೇ ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಆ ಮಕ್ಕಳಲ್ಲಿ ಕೆಲವರು ಆಗ ವಾಂತಿ ಭೇದಿಯಿಂದ ಮಲಗಿದವರೇ. ಅವರಿಗೆ ನಾನು ‘ನೀರನ್ನು ಮಿತವಾಗಿ ಬಳಸುತ್ತೇನೆ’ ಎಂದು ಪ್ರತಿಜ್ಞೆ ಮಾಡಿಸಬೇಕು. ನಮ್ಮ ಸಂಸ್ಥೆಯ ತಿಂಗಳ ವರದಿಯಲ್ಲಿ ಅದಕ್ಕೊಂದು ಅಂಕಣವಿದೆ: ಪ್ರತಿಜ್ಞೆ ಸ್ವೀಕರಿಸಿದ ಮಕ್ಕಳ ಸಂಖ್ಯೆ. ಹಣ ಕೊಡುವವರಿಗೆ ಆ ಸಂಖ್ಯೆ ಬೇಕು.

ಕೆಲವು ತಿಂಗಳಿಂದ ನಾನು ಆ ಅಂಕಣದಲ್ಲಿ ಒಂದು ಅಡ್ಡಗೆರೆ ಎಳೆದು, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸುತ್ತಿದ್ದೇನೆ. ಮೇಲಿನವರು ಸಜ್ಜನರು, ಬೈಯಲಿಲ್ಲ. ‘ಪ್ರಶ್ನೆಗಳು ಚೆನ್ನಾಗಿವೆ, ಸಂಖ್ಯೆಯನ್ನೂ ಕಳಿಸಿ’ ಎಂದು ಬರೆದರು. ನನ್ನ ಕರಾರು ಪ್ರತಿ ಏಪ್ರಿಲ್‌ನಲ್ಲಿ ನವೀಕರಣವಾಗಬೇಕು. ಸಂಖ್ಯೆ ಇಲ್ಲದವನನ್ನು ಎಷ್ಟು ವರ್ಷ ಇಟ್ಟುಕೊಂಡಾರು? ಮನೆಯಲ್ಲಿ ಇದನ್ನು ಹೇಳಿದರೆ, ‘ಒಂದು ಅಂಕಿ ಬರದ್ರ ನಿಮ್ಮ ಗಂಟೇನು ಹೋಗ್ತದ?’ ಎನ್ನುತ್ತಾಳೆ ನನ್ನ ಹೆಂಡತಿ. ಮಕ್ಕಳ ಕೈ ಮುಂದೆ ಚಾಚಿಸಿ ಮಾಡಿಸಿದ ಪ್ರತಿಜ್ಞೆಯಿಂದ ಕೆಡುಕೇನೂ ಇಲ್ಲ ಎಂಬುದು ನಿಜವೇ. ಆದರೆ ಪ್ರತಿಜ್ಞೆ ಎಂದರೆ ಸಾಲ ಒಪ್ಪಿಕೊಂಡಂತೆ. ತಾನು ತೆಗೆದುಕೊಳ್ಳದ ಸಾಲಕ್ಕೆ ಹನ್ನೊಂದು ವರ್ಷದ ಮಗುವಿನ ಹೆಬ್ಬೆಟ್ಟು ಒತ್ತಿಸಲು ನನ್ನ ಕೈ ಬರುವುದಿಲ್ಲ. ಜೀತದ ಪತ್ರಗಳು ಬರೆಯಲ್ಪಟ್ಟದ್ದು ಹೀಗೆಯೇ ಅಲ್ಲವೇ?

1976ರ ಆ ತಿದ್ದುಪಡಿಯ ಬಗ್ಗೆ ಮೇಲೆ ಹೇಳಿದೆ. ನಾಗರಿಕನ ಕರ್ತವ್ಯದ 51ಎ ವಿಧಿ ನಮ್ಮ ಎಲ್ಲ ಪಟಗಳ ಅಡಿಯಲ್ಲಿ ಅಚ್ಚಾಗಿದೆ. ಅದೇ ತಿದ್ದುಪಡಿಯಲ್ಲಿ 48ಎ ಎಂಬ ಇನ್ನೊಂದು ವಿಧಿಯೂ ಬಂತು. ಪರಿಸರವನ್ನು, ಕಾಡನ್ನು, ವನ್ಯಜೀವಿಗಳನ್ನು ಕಾಪಾಡಲು ರಾಜ್ಯವೂ ಶ್ರಮಿಸಬೇಕು ಎಂಬುದು ಅದರ ಅರ್ಥ. ಅದನ್ನು ಯಾವ ಪಟದಲ್ಲೂ ನಾನು ಕಂಡಿಲ್ಲ. ಒಂದೇ ದಿನ ಹುಟ್ಟಿದ ಅವಳಿಗಳಲ್ಲಿ ಒಂದನ್ನು ಮಾತ್ರ ಶಾಲೆಗೆ ಕಳಿಸಿದ್ದೇವೆ.

ಮಾನ್ವಿಯಿಂದ ಮಸ್ಕಿ ದೂರವಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನ ಕಂಡದ್ದು ನಮ್ಮ ಜಿಲ್ಲೆಯ ಶಾಲಾಮಕ್ಕಳಿಗೆಲ್ಲ ಗೊತ್ತು; ದೇವಾನಾಂಪ್ರಿಯನೇ ಅಶೋಕ ಎಂದು ಹೆಸರು ಹಿಡಿದು ತಿಳಿದದ್ದು ಅದರಿಂದ. ಹೆಸರಿನ ಸಂಭ್ರಮದಲ್ಲಿ ಆ ಶಾಸನ ಹೇಳುವುದೇನು ಎಂಬುದು ಹಿಂದೆ ಸರಿದಿದೆ. ಚಕ್ರವರ್ತಿ ಅದರಲ್ಲಿ ಮೊದಲು ತನ್ನ ವಿಷಯ ಹೇಳಿಕೊಳ್ಳುತ್ತಾನೆ, ತಾನು ಈ ದಾರಿಗೆ ಬಂದು ಎಷ್ಟು ಕಾಲವಾಯಿತು, ನಿಜವಾಗಿ ಶ್ರಮಪಟ್ಟದ್ದು ಎಷ್ಟು ಕಾಲ ಎಂದು. ಆಮೇಲೆ, ಇದು ದೊಡ್ಡವರಿಗೆ ಮಾತ್ರ ಆಗುವ ಕೆಲಸ ಎಂದು ತಿಳಿಯಬೇಡಿ, ಧರ್ಮದಲ್ಲಿ ನಡೆದರೆ ಚಿಕ್ಕವರಿಗೂ ಆದೀತು ಎನ್ನುತ್ತಾನೆ. ಕೊನೆಗೆ ಚಿಕ್ಕವರಿಗೂ ದೊಡ್ಡವರಿಗೂ ಇಬ್ಬರಿಗೂ ಇದನ್ನು ತಿಳಿಸಬೇಕು ಎನ್ನುತ್ತಾನೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಒಕ್ಕಣೆಗೆ ಇಂದಿನ ನಮ್ಮ ಪಟಗಳನ್ನು ಹೋಲಿಸಿದರೆ, ಕ್ರಮ ತಲೆಕೆಳಗಾಗಿದೆ. ಹೇಳುವವನು ತನ್ನ ಲೆಕ್ಕ ಕೊಡುವುದಿಲ್ಲ, ದೊಡ್ಡವರಿಗೆ ಹೇಳುವುದಿಲ್ಲ, ಚಿಕ್ಕವರಿಗೆ ಮಾತ್ರ ಹೇಳುತ್ತಾನೆ. ಅವರು ಬೆಂಚಿನ ಮೇಲೆ ಸಾಲಾಗಿ ಕೈಕಟ್ಟಿ ಕುಳಿತಿರುತ್ತಾರೆ, ಎದ್ದು ಹೋಗುವುದಿಲ್ಲ, ಬಹುಶಃ ಅದಕ್ಕೇ.

ಕಟ್ಟೆಯ ಮೇಲಿನವರ ಪ್ರಶ್ನೆಗೆ, ‘ಹೇಳಾಂವ ತಾನು ಹಂಗ ನಡೀತಾನೇನು’ ಎಂಬುದಕ್ಕೆ, ನಾನು ಒಬ್ಬನೇ ಉತ್ತರ ಕೊಡಲಾರೆ. ನನ್ನನ್ನು ಕಳಿಸಿದವರು, ಅವರಿಗೆ ಹಣ ಕೊಟ್ಟವರು, ಶಕ್ತಿನಗರದ ಬೆಳಕಿನಲ್ಲಿ ಓದುವವರು, ಕೃಷ್ಣೆಯ ಮರಳಿನ ಮನೆಯಲ್ಲಿ ವಾಸಿಸುವವರು ಎಲ್ಲ ಸೇರಿ ಕೊಡಬೇಕಾದ ಉತ್ತರ ಅದು. ಬೆಂಗಳೂರಿನ ಶಾಲೆಗಳಿಗೆ ನನ್ನನ್ನು ಒಂದು ತಿಂಗಳು ಕಳಿಸಿರಿ, ಕಾಲು ಕಿಲೋ ಬೂದಿಯ ಪೊಟ್ಟಣ ಹಿಡಿದು ಹೋಗುತ್ತೇನೆ, ಒಂದು ಯೂನಿಟ್ ಎಂದರೆ ಇಷ್ಟು ಎಂದು ಮಕ್ಕಳ ಕೈಗೆ ಕೊಡುತ್ತೇನೆ ಎಂದು ಬರೆದಿದ್ದೇನೆ. ಪರಿಶೀಲನೆಯಲ್ಲಿದೆ.

ಅಲ್ಲಿಯ ತನಕ ಇಲ್ಲಿಯ ಕೆಲಸ ಇದೆ. ಕರ್ನಾಟಕದ ಗ್ರಾಮ ಪಂಚಾಯ್ತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮವಿದೆ. ಕಳೆದ ಸಲ ದೇವದುರ್ಗ ತಾಲ್ಲೂಕಿನ ಒಂದು ಊರಿನ ಸಭೆಯಲ್ಲಿ ನಾನು ಹಿಂದೆ ಕುಳಿತಿದ್ದೆ. ಮಕ್ಕಳು ಎರಡು ಮಾತು ಬರೆದು ತಂದಿದ್ದರು. ಕೂರಿಸಿದ ನಳಕ್ಕೆ ನೀರು ಯಾವಾಗ ಬರುತ್ತದೆ ಎಂಬುದು ಒಂದು, ಅದು ಪಂಚಾಯ್ತಿಗೆ. ಹೊಳೆಯ ತಿರುವಿನಲ್ಲಿ ಉಳಿದಿರುವ ಒಂದು ಮರಳು ದಿನ್ನೆಯನ್ನು ಮೊಟ್ಟೆಯ ಕಾಲದಲ್ಲಿ ಯಾರೂ ಮುಟ್ಟಬಾರದು, ಊರಿನವರ ಎತ್ತಿನ ಬಂಡಿಯೂ ಹೋಗಬಾರದು ಎಂಬುದು ಇನ್ನೊಂದು, ಅದು ತಮ್ಮ ಅಪ್ಪ ಕಾಕಂದಿರಿಗೆ. ಮೊದಲನೆಯದಕ್ಕೆ ಅಧಿಕಾರಿಗಳು ಗಂಟಲು ಸರಿಮಾಡಿಕೊಂಡರು, ಎರಡನೆಯದಕ್ಕೆ ಊರ ಹಿರಿಯರು ಮುಖ ಮುಖ ನೋಡಿಕೊಂಡರು. ಎರಡನ್ನೂ ರಿಜಿಸ್ಟರಿನಲ್ಲಿ ಒಂದೇ ಪುಟದಲ್ಲಿ ಬರೆದುಕೊಂಡಿದ್ದಾರೆ. ಮುಂದಿನ ಸಭೆಯಲ್ಲಿ ಆ ಪುಟವನ್ನು ತೆಗೆದು ಓದಬೇಕು ಎಂದು ಮಕ್ಕಳಿಗೆ ಹೇಳಿ ಬಂದಿದ್ದೇನೆ.